ಚಿಟಿಕೆ ಚಿಟಿಕೆ ಡ್ರಮ್ಮು

ಅಳವಂಡಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಹನಮೇಶನಿಗೆ ಒಂದೇ ಆಸೆ. ತಾನು ಮಾಡಿದ ಹಾಡು ಹನುಮಪ್ಪನ ಗುಡಿಯ ಮೈಕಿನಲ್ಲಿ ಮೊಳಗಬೇಕು, ಅದು ಹನಮೇಶನದು ಎಂದು ಊರು ಹೇಳಬೇಕು. ಹಾಡೆಂದರೆ ಹಳೆಯ ಸಂಸ್ಕೃತ ಸ್ತೋತ್ರವೇ. ಹಾಡಿದವಳು ತಂಗಿ ಸುನಿತಾ. ಅಂಕ ಚೆನ್ನಾಗಿ ಬರುತ್ತವೆಂದು ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡಿದ್ದ ಅವಳ ಉಚ್ಚಾರ ಶುದ್ಧವಾಗಿತ್ತು. ಆ ದನಿಯ ಕೆಳಗೆ ಹನಮೇಶ ಮೊಬೈಲಿನಲ್ಲೇ ಡ್ರಮ್ಮು, ಗಿಟಾರು, ಎದೆಗೆ ಬಡಿಯುವ ಬೇಸು ಎಲ್ಲ ಕೂಡಿಸಿದ್ದ.

ಮೊದಲ ದಿನ ಹಾಡು ಎರಡು ಸಾಲು ದಾಟಲಿಲ್ಲ. ಗುಡಿ ಕಮಿಟಿಯ ಹಿರಿಯ ಹುಲಿಗೆಪ್ಪ ಬಂದು ವೈರು ಕಿತ್ತ.

“ದೇವರ ಮುಂದ ಡಿಜೆ ಹಚ್ಚೀಯೇನಲೇ?”

“ಯಜ್ಜಾ, ಮಂತ್ರ ಅದ ಐತ್ರಿ.”

“ಮಂತ್ರ ಅದ ಐತಿ. ಅದರ ಹಿಂದ ಯಾರೋ ಬಾಗಿಲಾ ಬಡಿಯಾಕ ಹತ್ಯಾರ.”

ಹುಡುಗಿಯ ದನಿಯಷ್ಟೇ ಇದ್ದರೆ ಹಚ್ಚಲಿ ಎಂದು ಅಪ್ಪಣೆಯಾಯಿತು. ಹನಮೇಶ ಮರುಮಾತಿಲ್ಲದೆ ಒಪ್ಪಿಕೊಂಡ. ಅದನ್ನು ಕೇಳಿಯೇ ಸುನಿತಾಗೆ ಅನುಮಾನ ಬಂತು.

“ಏನ್ ಕಿತಾಪತಿ ನಡಸೀಯಣ್ಣಾ?”

“ಮಜ್ಜಿಗಿಗೆ ಉಪ್ಪು ಹಾಕೂ ಹಂಗ. ಚಿಟಿಕಿ ಚಿಟಿಕಿ.”

ಮೊದಲ ವಾರ ದಿನಾ ಮುಂಜಾನೆ ಬರೀ ದನಿ. ಮರುವಾರ ಅದರೊಳಗೆ ತಾಳ ಸೇರಿತು, ಕಿವಿಗೊಟ್ಟರಷ್ಟೇ ಕೇಳುವಷ್ಟು. ಆಮೇಲೆ ಡ್ರಮ್ಮು, ದೂರದ ಓಣಿಯಲ್ಲಿ ಯಾರೋ ಒನಕೆಯಲ್ಲಿ ಕುಟ್ಟಿದಂತೆ. ಶನಿವಾರಕ್ಕೊಂದು ಚಿಟಿಕೆ ಏರುತ್ತ ಹೋಗಿ, ಜೋಳದ ರಾಶಿ ಮುಗಿಯುವ ಹೊತ್ತಿಗೆ ಗುಡಿಯ ಬಾಗಿಲು ಝುಮ್ಮೆನ್ನತೊಡಗಿದರೂ ಯಾರೂ ಏನೂ ಅನ್ನಲಿಲ್ಲ. ಹುಲಿಗೆಪ್ಪ ಕಟ್ಟೆಯ ಮೇಲೆ ಕೂತು ಬಡಿಗೆಯಿಂದ ತಾಳ ಹಾಕುತ್ತಿದ್ದ. ಅವನ ಹೆಂಡತಿ ಕಸ್ತೂರೆಮ್ಮ ಅದೇ ಲಯಕ್ಕೆ ಮೊಸರು ಕಡೆಯುತ್ತಿದ್ದಳು. ಪಕ್ಕದ ಮನೆಯ ಕಳಕೇಶನ ಎಮ್ಮೆಯಂತೂ ಡ್ರಮ್ಮು ಶುರುವಾಗುವ ತನಕ ಹಾಲು ಬಿಡುತ್ತಿರಲಿಲ್ಲ.

ಹೀಗಿರುವಾಗ ಹನಮೇಶ ಮದುವೆಯೊಂದಕ್ಕೆ ಮೈಕ್ ಹಾಕಲು ಕೊಪ್ಪಳಕ್ಕೆ ಹೋದ. ಮುಂಜಾನೆ ಹಾಡು ಹಚ್ಚುವ ಕೆಲಸ ಪೂಜಾರಿ ಓಬಳೆಪ್ಪನಿಗೆ ಬಿತ್ತು. ಅವನು ಕೈಗೆ ಸಿಕ್ಕ ಪೆನ್‌ಡ್ರೈವ್ ಚುಚ್ಚಿದ. ಅದು ಮೊದಲ ವಾರದ್ದು, ಬರೀ ದನಿಯದು.

ಹನಮೇಶ ಊರಿಗೆ ಮರಳಿದಾಗ ಅವನ ಅಂಗಡಿಯ ಮುಂದೆ ಹುಲಿಗೆಪ್ಪ, ಕಳಕೇಶ ಕೂತಿದ್ದರು. ತನ್ನ ಗುಟ್ಟು ಬಯಲಾಯಿತೆಂದುಕೊಂಡ ಹನಮೇಶ.

“ಮಂತ್ರ ಕೆಡಿಸಿದವರು ಯಾರಲೇ?” ಎಂದ ಹುಲಿಗೆಪ್ಪ.

“ಯಾವ ಮಂತ್ರರಿ ಯಜ್ಜಾ?”

“ಮುಂಜಾನಿ ಓಬಳೆಪ್ಪ ಹಚ್ಚಿದ್ದು. ಡ್ರಮ್ಮಿಲ್ಲ, ಏನಿಲ್ಲ. ಸತ್ತವರ ಮನಿಯಾಗ ಕುಂತಂಗಾತು.”

“ಎಮ್ಮಿ ಒದ್ದೈತಿ,” ಎಂದು ಕಳಕೇಶ ಊದಿದ ಮೊಣಕಾಲು ತೋರಿಸಿದ.

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆನಿಸಿತು ಹನಮೇಶನಿಗೆ. “ಯಜ್ಜಾ, ಖರೇ ಹೇಳ್ತೀನ್ರಿ. ಮೊದಲ ಇದ್ದದ್ದು ಅದರಿ. ಡ್ರಮ್ಮು ನಾ ಕೂಡಿಸಿದ್ದು.”

ಹುಲಿಗೆಪ್ಪ ಕಳಕೇಶನ ಕಡೆ ನೋಡಿ ನಕ್ಕ. “ಇವಾ ಕೂಡಿಸ್ಯಾನಂತ. ಲೇ, ಇದನ್ನ ನಾ ಸಣ್ಣವನಿದ್ದಾಗಿಂದ ಕೇಳೀನಿ. ನಮ್ಮಪ್ಪ ಇದಕ್ಕ ತಾಳ ಹಾಕ್ತಿದ್ದ. ಇನ್ನ ಮ್ಯಾಲೆ ಇದರಾಗಿಂದು ಒಂದು ಏಟೂ ಬದಲಾಗಂಗಿಲ್ಲ, ತಿಳೀತ?”

ಹಾಡು ಗುಡಿಯಲ್ಲಿ ಕಾಯಂ ಆಯಿತು. ಹೆಸರು ಮಾತ್ರ ಹುಲಿಗೆಪ್ಪನ ಅಪ್ಪನ ಕಾಲಕ್ಕೆ ಹೋಯಿತು. ಮನೆಯಲ್ಲಿ ಸುದ್ದಿ ಕೇಳಿದ ಸುನಿತಾ ನಕ್ಕು ನಕ್ಕು ಗೋಡೆಗೆ ಒರಗಿದಳು.

“ನಗಬ್ಯಾಡ. ನಿನ್ನ ಹೆಸರೂ ಹೋತು.”

ಆಗ ಅವಳ ನಗು ನಿಂತಿತು. “ಸ್ತೋತ್ರದ ಕಡೀಕ ಮಾಡಿದವರ ಹೆಸರು ಹೇಳೂ ಪದ್ಧತಿ ಐತಿ. ನಾವೂ ಹೇಳೂಣು.”

“ಒಂದು ಏಟೂ ಬದಲಾಗಬಾರದಂತ.”

“ಚಿಟಿಕಿ ಹಾಕಬ್ಯಾಡಂದಾನೇನು?”

ಆ ಶನಿವಾರದಿಂದ ಸ್ತೋತ್ರದ ಕೊನೆಗೆ, ಪಿಸುಮಾತಿಗಿಂತ ಸಣ್ಣಗೆ, ‘ಇತಿ ಹನಮೇಶ-ಸುನಿತಾ-ಕೃತಂ ಸಂಗೀತಂ ಸಂಪೂರ್ಣಮ್’ ಎಂಬ ಸಾಲು ಸೇರಿತು. ವಾರವಾರ ಅದರ ದನಿ ಏರಿತು. ಯುಗಾದಿಯ ಹೊತ್ತಿಗೆ ಊರಾಚೆಯ ಹೊಲದವರೆಗೂ ಕೇಳತೊಡಗಿತು.

ಒಂದು ಮುಂಜಾನೆ ಹನಮೇಶ ಗುಡಿಯ ಮುಂದೆ ಹೋಗಿ ನಿಂತ. ಆ ಸಾಲು ಬಂತು. ಕಸ್ತೂರೆಮ್ಮ ಎರಡೂ ಗಲ್ಲ ಬಡಿದುಕೊಂಡಳು. ಹುಲಿಗೆಪ್ಪ ಕಣ್ಣು ಮುಚ್ಚಿ, ಕೈ ಮುಗಿದು, ಒಂದಕ್ಷರ ತಪ್ಪದೆ ತಾನೂ ಹೇಳಿದ. ಹನಮೇಶನಿಗೆ ತಡೆಯಲಾಗಲಿಲ್ಲ.

“ಯಜ್ಜಾ, ಅದರಾಗ ನಮ್ಮ ಹೆಸರು ಬಂತಲ್ರಿ.”

“ಬರದ ಏನು? ನಿಮ್ಮಪ್ಪ ಶ್ಯಾಣ್ಯಾ. ಮಂತ್ರದಾಗಿಂದ ಆರಿಸಿ ಇಬ್ಬರಿಗೂ ಹೆಸರಿಟ್ಟಾನ.” ಹುಲಿಗೆಪ್ಪ ಅವನ ಕಾಲ ಕಡೆ ನೋಡಿದ. “ನೀ ನೋಡಿದ್ರ ಗುಡಿ ಮುಂದ ಚಪ್ಪಲಿ ಮೆಟ್ಟಿಕೊಂಡು ನಿಂತೀ. ಹೆಸರಿಗೆ ತಕ್ಕಂಗ ನಡಕೋ.”