ತಾಯಪ್ಪನ ಜೀಪಿನ ನಾಲ್ಕು ದೀಪ

ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ದಸ್ತಗೀರ್‌ಸಾಬರ ವೈರಿಂಗ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಹಸಿರು ಪರದೆ. ಎರಡು ವರ್ಷದಿಂದ ಸಾಬರಿಗೆ ಕಣ್ಣು ಮಂಜು; ಕೆಂಪು ವೈರು, ಕಂದು ವೈರು ಎರಡೂ ಒಂದೇ ಆಗಿ ಕಾಣುತ್ತಿದ್ದವು. ಅದು ಗಿರಾಕಿಗಳಿಗೆ ತಿಳಿಯದಂತೆ ಕಾದವಳು ಮಗಳು ಹಾಜಿರಾಬೀ. ಲಿಂಗಸುಗೂರಿನಲ್ಲಿ ಬಿಎಸ್ಸಿ ಮುಗಿಸಿ ಬಂದು ಮನೆಯಲ್ಲಿ ಕೂತಿದ್ದ ಹುಡುಗಿ. ಗಿರಾಕಿ ಹೇಳಿದ್ದನ್ನು ಪರದೆಯ ಹಿಂದಿನಿಂದ ಕೇಳಿಸಿಕೊಂಡು, ನೋಟುಬುಕ್ಕಿನಲ್ಲಿ ನಕ್ಷೆ ಬರೆದು, ವೈರು ಕತ್ತರಿಸಿ ತುದಿ ಬೆಸೆದು, ಒಂದೊಂದಕ್ಕೂ ದಾರದ ಗಂಟು ಕಟ್ಟುತ್ತಿದ್ದಳು. ಒಂದು ಗಂಟಿದ್ದರೆ ಬ್ಯಾಟರಿಗೆ, ಎರಡಿದ್ದರೆ ಸ್ವಿಚ್ಚಿಗೆ, ಮೂರಿದ್ದರೆ ದೀಪಕ್ಕೆ. ಸಾಬರು ಬಾನೆಟ್ಟಿನೊಳಗೆ ಕೈ ಇಳಿಸಿ, ಬೆರಳಲ್ಲೇ ಗಂಟು ಎಣಿಸಿ ಜೋಡಿಸುತ್ತಿದ್ದರು. "ಸಾಬರು ಕಣ್ಣು ಮುಚ್ಚಿ ವೈರಿಂಗ್ ಮಾಡ್ತಾರ ನೋಡ್ರಿ" ಎಂದು ಜನ ಹೊಗಳಿದರೆ ಒಳಗೆ ಹಾಜಿರಾ ಓಢಣಿ ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಅದು ತೊಂಬತ್ಮೂರನೆಯ ಇಸವಿ. ಎರಡನೇ ಬೆಳೆಗೆ ಕಾಲುವೆಯ ನೀರು ಸಾಲದಾಯಿತು. ಬಳಗಾನೂರಿನ ಆಚೆ, ಉಪಕಾಲುವೆಯ ಕಟ್ಟಕಡೆಗೆ, ಹಾಜಿರಾಳ ಸೋದರತ್ತೆ ಗುಲ್ಷನ್‌ಬೀಯ ಎರಡು ಎಕರೆ ಗದ್ದೆಯಿತ್ತು. ತಾಯಿಯಿಲ್ಲದ ಹಾಜಿರಾಳನ್ನು ಬೆಳೆಸಿದ ಫುಪ್ಪು ಆಕೆ. ಲಿಂಗಸುಗೂರಿನಲ್ಲಿ ಕೋಣೆ ಹಿಡಿದು, ಮೂರು ವರ್ಷ ರೊಟ್ಟಿ ಬಡಿದು ಹಾಕಿ ಓದಿಸಿದವಳೂ ಆಕೆಯೇ. ಆಕೆಗಿದ್ದದ್ದು ಆ ಗದ್ದೆಯೊಂದೇ, ಅದರಲ್ಲಿ ಭತ್ತ ಆಗ ತೆನೆ ಬಿಡುವ ಹೊತ್ತು. ಮೇಲ್ಭಾಗದ ಊರಿನವರು ಕತ್ತಲಲ್ಲಿ ಕಾಲುವೆಗೆ ಪೈಪು ಇಳಿಬಿಟ್ಟು ನೀರೆಳೆದುಕೊಂಡರೆ ಕಡೆಯ ಗದ್ದೆಗಳಿಗೆ ಬರುತ್ತಿದ್ದದ್ದು ಬರೀ ತೇವ. ಕೊನೆಭಾಗದ ರೈತರು ತಮ್ಮಲ್ಲಿ ಹಿರಿಯನಾದ ಬಾಲಪ್ಪನ ಮನೆಯ ಕಟ್ಟೆಯ ಮೇಲೆ ಕೂಡಿ ಮಾತಾಡಿದರು. ಅವರಲ್ಲೇ ಒಬ್ಬನಾದ ತಾಯಪ್ಪನ ಹಳೇ ಮಿಲಿಟರಿ ಜೀಪು ದಿನಾಲೂ ರಾತ್ರಿ ದಂಡೆಯ ಮೇಲೆ ಕಾವಲು ತಿರುಗಬೇಕು, ಪೈಪು ಕಂಡಲ್ಲಿ ಕಿತ್ತೆಸೆಯಬೇಕು ಎಂದಾಯಿತು. ದಂಡೆಯೆಂದರೆ ಕೆಸರು, ಕೊರಕಲು, ಜಾಲಿಮುಳ್ಳು. ಜೀಪಿಗಿರುವ ಎರಡು ದೀಪ ಅಲ್ಲಿ ಏತಕ್ಕೂ ಸಾಲದು.

ಹಾಗೆ ಒಂದು ಬೆಳಿಗ್ಗೆ ಜೀಪು ಅಂಗಡಿಯ ಮುಂದೆ ಬಂದು ನಿಂತಿತು. ಮಸ್ಕಿಯಲ್ಲಿ ವೆಲ್ಡಿಂಗ್ ಮಾಡಿಸಿದ ಒಂದು ದಪ್ಪ ಪೈಪು, ಅದರ ಮೇಲೆ ಕೂರಿಸಲು ನಾಲ್ಕು ಹ್ಯಾಲೊಜನ್ ದೀಪ. ಸಾಬರು ಬಂಪರಿಗೆ ತೂತು ಕೊರೆದು, ಪೈಪು ನಿಲ್ಲಿಸಿ, ಅಲುಗಾಡದಂತೆ ರಬ್ಬರು ಕೊಟ್ಟು ಬೋಲ್ಟು ಬಿಗಿದರು.

"ನಾಕೂ ಒಮ್ಮಿಗೇ ಹತ್ತಲಿ ಏನ್ ತಾಯಪ್ಪ?"

ತಾಯಪ್ಪ ಪರದೆಯ ಕಡೆ ತಿರುಗಿ, "ನನ್ನೇನು ಕೇಳ್ತೀರಿ ಸಾಬ್ರೇ, ನಿಮ್ಮ ಇಂಜಿನಿಯರನ್ನ ಕೇಳ್ರಿ. ಏನವ್ವಾ ಹಾಜಿರಾ, ಒಳಗಿನ ಎರಡಕ್ಕ ಒಂದು ಸ್ವಿಚ್ಚು, ಹೊರಗಿನ ಎರಡಕ್ಕ ಒಂದು ಮಾಡಾಕ ಬರತೈತಿಲ್ಲೋ?" ಎಂದ.

ಹಾಜಿರಾ ನೋಟುಬುಕ್ಕು ಮುಚ್ಚಿದಳು. ಇವನಿಗೆ ಹೇಗೆ ಗೊತ್ತಾಯಿತು? ಸಾಬರು ಕೆಮ್ಮಿದರು. ತಾಯಪ್ಪ ದನಿ ತಗ್ಗಿಸಿದ. "ಗುಲ್ಷನಕ್ಕ ಹೇಳ್ಯಾಳ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಆದ್ರ ತಂಗೀ, ಇಂಥಾ ಕೈ ನಾ ರಾಯಚೂರಾಗೂ ಕಂಡಿಲ್ಲ ಬಿಡು."

ಹೊರಗಿನವರೊಬ್ಬರು ಅವಳ ಕೆಲಸವನ್ನು ಅವಳದೆಂದು ಹೇಳಿದ್ದು ಅದೇ ಮೊದಲು. ಅವಳು ಗೋಡೆ ನೋಡುತ್ತ, ಪರದೆಯಾಚೆ ಕೇಳಿಸುವಷ್ಟೇ ಮೆಲ್ಲಗೆ, "ಎರಡು ಸ್ವಿಚ್ಚ ಬೇಕ್ರಿ ಅಣ್ಣಾ. ನಾಕೂ ಹತ್ತಿದ್ರ ನಿಮ್ಮ ಹಳೇ ಡೈನಮೋ ತಡಕೊಳ್ಳಂಗಿಲ್ಲ, ಬ್ಯಾಟರಿ ಇಳಿತೈತಿ" ಎಂದಳು. ಕರೆಂಟಿನ ಲೆಕ್ಕ ಎರಡು ಸಲ ಹಾಕಿದಳು. ಸ್ವಿಚ್ಚಿನ ಮೇಲೆ ಕರೆಂಟಿನ ಭಾರ ಬೀಳದಂತೆ ಎರಡು ರಿಲೇ ಕೊಟ್ಟಳು. ಗಂಟುಗಳನ್ನು ಎಂದಿಗಿಂತ ಅಂದವಾಗಿ ಕಟ್ಟಿದಳು. ಸಂಜೆಯ ಹೊತ್ತಿಗೆ ನಾಲ್ಕೂ ದೀಪ ಹತ್ತಿದಾಗ ಎದುರಿನ ಗೊಬ್ಬರದಂಗಡಿಯ ಗೋಡೆ ಬೆಳ್ಳಗಾಯಿತು. "ಏ, ಮದವಿ ಮಂಟಪ ಆತಲ್ಲೋ!" ಎಂದು ಯಾರೋ ಕೂಗಿದರು.

ಮುಂದಿನ ವಾರ ಗುಲ್ಷನ್‌ಬೀ ಸಂತೆಗೆ ಬಂದವಳು ಹಾಜಿರಾಳ ಕೈ ಹಿಡಿದು ಕೂತಳು. "ನೀ ಮಾಡಿದ ದೀಪ ಗದ್ದಿಯಿಂದ ದಿನಾ ಕಾಣ್ತಾವು ಬೇಟಾ. ಒಂದಿನ ನಾಕು ಹತ್ತಿರತಾವು, ಒಂದಿನ ಎರಡ. ಎರಡ ಹತ್ತಿದ್ರ, ಪಾಪ, ತಾಯಪ್ಪ ಬ್ಯಾಟರಿ ಉಳಸಾಕತ್ತಾನ ಅಂತೀನಿ."

"ನೀರು ಬಂತಾ ಫುಪ್ಪು?"

"ಬರತಾವು. ದೀಪ ಈಗ ಬಂದಾವು, ನೀರೂ ಬರತಾವು."

ನೀರು ಬರಲಿಲ್ಲ. ಹದಿನೈದು ದಿನ ಕಳೆದವು. ಒಂದು ಮಧ್ಯಾಹ್ನ ಮೇಲಿನ ಊರಿನ ಟ್ರ್ಯಾಕ್ಟರ್ ಡ್ರೈವರ್ ಬಸ್ಸಪ್ಪ ಹಾರ್ನು ಸರಿಮಾಡಿಸಲು ಬಂದ. ಚಹಾ ಹೀರುತ್ತ ಅವನಿಗೆ ಉಲ್ಲಾಸ ಬಂತು.

"ಸಾಬ್ರೇ, ನಿಮ್ಮ ದೀಪದಿಂದ ನಮಗ ಭಾಳ ಅನುಕೂಲ ಆಗೇತ್ರಿ. ಎರಡ ಹತ್ತಿದ್ವು ಅಂದ್ರ ತಾಯಪ್ಪ ಒಬ್ಬನ ಬರಾಕತ್ತಾನ, ಪೈಪು ಇದ್ದಲ್ಲೇ ಇರಲಿ. ನಾಕೂ ಹತ್ತಿದ್ರ ಕೊನೀಭಾಗದವರು ಜೀಪಿನಾಗ ಕುಂತಾರ, ಎತ್ತಲೇ ಪೈಪು! ಎರಡು ಮೈಲಿ ದೂರಿಂದ ಕಾಣತೈತಿ. ಅವರು ಬಂದು ನೋಡಿ, ಒಂದೂ ಪೈಪಿಲ್ಲ ಅಂತ ಖುಷೀಲೆ ಹೋಗ್ತಾರ." ಅವನು ತೊಡೆ ತಟ್ಟಿ ನಕ್ಕ. "ತಾಯಪ್ಪನ ಬೀಗರ ಗದ್ದಿ ನಮ್ಮ ಕಡೆ ಅದಾವಲ್ರಿ, ಮತ್ತ!"

ಪರದೆಯ ಹಿಂದೆ ಹಾಜಿರಾಳ ಕೈಯಲ್ಲಿದ್ದ ವೈರು ಹಾಗೆಯೇ ನಿಂತಿತು. ಡೈನಮೋ ಲೆಕ್ಕವನ್ನು ತಾನೇ ಹಾಕಿಕೊಟ್ಟಿದ್ದಳು, ಸುಳ್ಳಿಗೆ ಕಾರಣವನ್ನೂ ತಾನೇ ಒದಗಿಸಿದ್ದಳು. ಈಗ ಅಪ್ಪ ಎದ್ದು ಬಸ್ಸಪ್ಪನ ಕೊರಳಪಟ್ಟಿ ಹಿಡಿಯುತ್ತಾರೆ ಎಂದು ಕಾದಳು.

ಸಾಬರು ಎದ್ದರು. ಎದ್ದು, ಪರದೆಯನ್ನು ಇನ್ನಷ್ಟು ಎಳೆದು ಮುಚ್ಚಿದರು.

"ಮೆಲ್ಲಗ ಮಾತಾಡೋ ಬಸ್ಸಪ್ಪ. ಒಳಗ ಮಗಳದಾಳ."

ಬಸ್ಸಪ್ಪ ಹೋದ ಮೇಲೆ ಅವಳು ಪರದೆ ಸರಿಸಿ ಅಂಗಡಿಗೇ ಬಂದು ನಿಂತಳು. ಹಗಲು ಹೊತ್ತಿನಲ್ಲಿ ಅವಳು ಹಾಗೆ ಬಂದದ್ದಿಲ್ಲ.

"ಅಬ್ಬಾ, ನಿಮಗ ಮೊದಲ ಗೊತ್ತಿತ್ತಾ?" ಎಂದು ಅಪ್ಪನನ್ನು ಕೇಳಿದಳು.

ಸಾಬರು ಸ್ಕ್ರೂಡ್ರೈವರನ್ನು ಹುಡುಕುವವರಂತೆ ಬೆಂಚು ತಡವಿದರು. ಅದು ಅವರ ಕಿಸೆಯಲ್ಲೇ ಇತ್ತು. "ದೀಪ ಹಾಕಿದ ದಿನ ತಾಯಪ್ಪ ಹೊರಗ ಕರದು ಹೇಳಿದ್ದ. ನಂದೂ ಒಂದು ಮಾತೈತಿ ಕೇಳು. ಮೇಲಿನವರ ಟ್ರ್ಯಾಕ್ಟರ್ ಎಲ್ಲಾ ನಮ್ಮ ಕಡೇನ ಬರತಾವು. ನಾ ಬಾಯಿ ಬಿಟ್ಟು, ತಾಯಪ್ಪ ಅವರ ಮುಂದ 'ಸಾಬಗ ಕಣ್ಣು ಕಾಣಂಗಿಲ್ಲ' ಅಂದ್ರ ಈ ಅಂಗಡಿ ಬಾಗಿಲ ಯಾರು ತುಳೀತಾರ?"

"ಫುಪ್ಪು ನಿಮ್ಮ ಒಡಹುಟ್ಟಿದಾಕಿ."

"ಆಕೀಗಿ ಹೇಳಬ್ಯಾಡ ಬೇಟಾ. ನಾಕ ದಿನ ಅಳ್ತಾಳ, ಸುಮ್ಮನಾಗ್ತಾಳ. ವೈರು ಹಾಕೋದಷ್ಟ ನಮ್ಮ ಕೆಲಸ."

ನಮ್ಮ ಕೆಲಸ! ಎರಡು ವರ್ಷ ಅಪ್ಪನ ಕಣ್ಣಿನ ಗುಟ್ಟನ್ನು ಅವಳು ಹರಳಿನಂತೆ ಮುಚ್ಚಿಟ್ಟುಕೊಂಡಿದ್ದಳು. ಆ ಗುಟ್ಟಿನ ಬಾಲವನ್ನೇ ಹಿಡಿದು ತಾಯಪ್ಪ ಅಪ್ಪನನ್ನು ಎಳೆದಿದ್ದ, ಅಪ್ಪ ಎಳೆದತ್ತ ಹೋಗಿದ್ದರು. ಅವಳಿಗೆ ಅಳು ಬರಲಿಲ್ಲ. ನೋಟುಬುಕ್ಕಿನಿಂದ ಜೀಪಿನ ನಕ್ಷೆಯಿದ್ದ ಹಾಳೆ ಹರಿದು ಮಡಚಿ ಕೈಚೀಲದಲ್ಲಿಟ್ಟುಕೊಂಡು, ಬುರ್ಖಾ ಹಾಕಿಕೊಂಡು, ಬಳಗಾನೂರಿನ ಬಸ್ಸು ಹತ್ತಿದಳು. ಸಾಬರು ಅಂಗಡಿಯ ಬಾಗಿಲಲ್ಲಿ ನಿಂತು, ಅವಳು ಹೋದ ದಿಕ್ಕು ಯಾವುದೆಂದು ಕಾಣದೆ, ಬೇರೆ ಕಡೆ ಮುಖ ಮಾಡಿ "ಹಾಜಿರಾ, ಹಾಜಿರಾ" ಎನ್ನುತ್ತಿದ್ದರು. ಅವಳು ಕಿಟಕಿಯಿಂದ ಅದನ್ನು ನೋಡಿದಳು. ಇಳಿಯಲಿಲ್ಲ.

ಗುಲ್ಷನ್‌ಬೀ ಗದ್ದೆಯ ಬದುವಿನ ಮೇಲೆ ಕೂತಿದ್ದಳು. ಭತ್ತದ ತುದಿ ಸುರುಳಿ ಸುತ್ತಿಕೊಂಡಿತ್ತು. ಹಾಜಿರಾ ಹಾಳೆ ಬಿಡಿಸಿ, ಯಾವ ದೀಪಕ್ಕೆ ಯಾವ ಸ್ವಿಚ್ಚು, ಯಾವುದು ಹತ್ತಿದರೆ ಮೇಲಿನವರು ಏನು ತಿಳಿಯುತ್ತಾರೆ ಎಂದು ಬೆರಳಿಟ್ಟು ತೋರಿಸಿದಳು. ಫುಪ್ಪು ಓದು ಬಾರದ ಕಣ್ಣಿನಿಂದ ಗೆರೆಗಳನ್ನೇ ನೋಡುತ್ತ ಕೂತಳು.

"ನಾ ದಿನಾ ಆ ದೀಪ ನೋಡಿ ದುವಾ ಮಾಡ್ತಿದ್ದೆ" ಎಂದಳು. ಹಾಳೆಯಿಂದ ಕಣ್ಣೆತ್ತಿ, "ನಿಮ್ಮಪ್ಪಗ ಗೊತ್ತಿತ್ತಾ?"

ಇಲ್ಲ ಎನ್ನುವುದು ಸುಲಭವಾಗಿತ್ತು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

"ಗೊತ್ತಿತ್ತು ಫುಪ್ಪು."

ಗುಲ್ಷನ್‌ಬೀ ಸೆರಗನ್ನು ತಲೆಗೆ ಎಳೆದುಕೊಂಡಳು. ಅತ್ತಳೋ ಇಲ್ಲವೋ ಹಾಜಿರಾಳಿಗೆ ಕಾಣಲಿಲ್ಲ. ಆಮೇಲೆ ಮೊಳಕಾಲು ಹಿಡಿದುಕೊಂಡು ಎದ್ದಳು. "ನಡಿ, ಬಾಲಪ್ಪನ ಮುಂದ ಹೇಳು. ನನಗ ಈ ಗೆರಿ ತಿಳಿಯಂಗಿಲ್ಲ, ನೀನ ಹೇಳಬೇಕು. ಹೇಳಿದ್ರ ಪೂರಾ ಹೇಳು."

ಬಾಲಪ್ಪನ ಕಟ್ಟೆಯ ಮೇಲೆ ಆರೇಳು ಗಂಡಸರು ಕೂತಿದ್ದರು. ಅಷ್ಟು ಜನರ ಮುಂದೆ ಹಾಜಿರಾ ಎಂದೂ ಬಾಯಿ ತೆರೆದವಳಲ್ಲ. ಹಾಳೆಯನ್ನು ಕಟ್ಟೆಯ ಮೇಲೆ ಬಿಡಿಸಿಟ್ಟಳು. ತಾಯಪ್ಪನ ಹೆಸರಿನಿಂದ ಶುರುಮಾಡಿದರೆ ಗದ್ದಲವೆದ್ದು, ಇನ್ನೊಂದು ಹೆಸರು ತನ್ನ ಗಂಟಲಲ್ಲೇ ಉಳಿದುಬಿಡುತ್ತದೆ ಎಂದು ಅವಳಿಗೆ ಹೆದರಿಕೆಯಾಯಿತು.

ಅವಳು ಅಪ್ಪನ ಹೆಸರನ್ನು ಮೊದಲು ಹೇಳಿದಳು.