ಮೂವತ್ತೆರಡನೆಯ ಬಡಿತ

ಬಾಗಿಲು ಬಡಿದ ಸದ್ದು. ಎರಡು ಸಲ, ತುಸು ತಡೆದು, ಮತ್ತೊಂದು ಸಲ. ಕತ್ತಲ ಕೋಣೆಯಲ್ಲಿ ಕಣ್ಣು ಮುಚ್ಚದೆ ಮಲಗಿದ್ದ ಐದು ವರ್ಷದ ಹುಡುಗಿ ದಿಂಬಿನಿಂದ ತಲೆಯೆತ್ತಿದಳು. ಕದದ ಸಂದಿನಲ್ಲಿ ಬೆಳಕಿಲ್ಲ, ಹೊರಗೆ ಮಾತಿಲ್ಲ. ಬಂದವರು ಯಾರು?

"ಇದಲ್ಲ," ಎಂದಳು ನಿರ್ದೇಶಕಿ.

ಪರದೆಯ ಮೇಲಿನ ಹುಡುಗಿ ತಲೆಯೆತ್ತಿದಂತೆಯೇ ನಿಂತುಬಿಟ್ಟಳು. ದೀಪ ಹತ್ತಿತು. ಗೋಡೆ ಗಡಿಯಾರದಲ್ಲಿ ಹಗಲು ಹನ್ನೆರಡು. ನೆಲದ ನಡುವೆ, ಅಕ್ಕಪಕ್ಕ ಗೋಡೆಯೇ ಇಲ್ಲದೆ ಬರಿಯ ಚೌಕಟ್ಟಿನ ಆಸರೆಯಲ್ಲಿ ನಿಂತಿದ್ದ ಮರದ ಬಾಗಿಲಿನ ಹಿಂದಿನಿಂದ ಅರವತ್ತು ದಾಟಿದ ಬೋಳುತಲೆಯೊಂದು ಇಣುಕಿತು. ಹೆಜ್ಜೆ, ಮಳೆ, ಪಾತ್ರೆಪಗಡೆ, ಮುರಿಯುವ ಮೂಳೆ, ಹೀಗೆ ಚಲನಚಿತ್ರಕ್ಕೆ ಬೇಕಾದ ಸದ್ದನ್ನೆಲ್ಲ ಕೈಯಾರೆ ಮಾಡಿಕೊಡುವ ಅವರನ್ನು ಸ್ಟುಡಿಯೋದಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ಇಪ್ಪತ್ತೆಂಟಾಯ್ತು ಕಣಮ್ಮಾ. ಇನ್ನು ಬಾಗಿಲೇ ಬಾಯಿಬಿಟ್ಟು ಸಾಕು ಅನ್ನುತ್ತೆ."

"ಬೇಜಾರಾಗ್ಬೇಡಿ ಮೇಷ್ಟ್ರೇ. ಎರಡು, ಆಮೇಲೆ ಒಂದು, ಅದೆಲ್ಲ ಸರಿಯಾಗಿದೆ. ಆದ್ರೆ ಇದು ಯಾರೋ ಬಂದ ಹಾಗಿದೆ. ನಮ್ಮಪ್ಪ ಬಂದ ಹಾಗಿಲ್ಲ."

ಅವಳ ತಂದೆ ಟಾಕೀಸಿನಲ್ಲಿ ಚಿತ್ರ ಓಡಿಸುತ್ತಿದ್ದವರು. ತೀರಿಹೋಗಿ ಎಂಟು ವರ್ಷವಾಗಿತ್ತು. ಕೊನೆಯ ಆಟ ಮುಗಿಸಿ ಅವರು ಬಂದು ಬಾಗಿಲು ಬಡಿಯುವ ತನಕ ಮಗಳು ನಿದ್ದೆಮಾಡುತ್ತಿರಲಿಲ್ಲ. ಬಡಿದರೆಂದರೆ ಮರುಗಳಿಗೆಯೇ ನಿದ್ದೆ. ಅವಳ ಮೊದಲ ಚಿತ್ರ ಹುಟ್ಟಿದ್ದೇ ಆ ನೆನಪಿನಿಂದ. ಉಳಿದೆಲ್ಲ ಸಿದ್ಧವಾಗಿ ಈ ಒಂದು ನಿಮಿಷ ಮಾತ್ರ ಬಾಕಿಯಿತ್ತು. ನಾಳೆ ಸಂಜೆ ಐದಕ್ಕೆ ಚಿತ್ರವನ್ನು ಒಪ್ಪಿಸಿಬಿಡಬೇಕು.

ಅಷ್ಟರಲ್ಲಿ ನಿರ್ದೇಶಕಿಯ ತಾಯಿ ಬಂದರು. ಮಗಳು ಮನೆಯಲ್ಲೇ ಮರೆತಿದ್ದ ಕನ್ನಡಕ ಒಂದು ಕೈಯಲ್ಲಿ, ಮಡಚಿದ ಕೊಡೆ ಇನ್ನೊಂದರಲ್ಲಿ. ಎಲ್ಲರಂತೆ ಅವರೂ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಗೋಡೆಬದಿಯ ಕುರ್ಚಿಯಲ್ಲಿ ಕುಳಿತರು. ಅವರ ಎದುರೇ ಇನ್ನು ಮೂರು ಬಡಿತಗಳಾದವು. ಮೂರಕ್ಕೂ ಮಗಳು ಅಲ್ಲವೆಂದು ತಲೆಯಾಡಿಸಿದಳು. ಮೂರನೆಯದಕ್ಕೆ ತಾಯಿ ಏನೋ ಹೇಳಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು.

"ಇಷ್ಟು ದೊಡ್ಡೋರು ದಿನವಿಡೀ ಬಾಗಿಲು ಬಡೀತಾ ಇರ್ತೀರಾ?" ಎಂದರು ಆಮೇಲೆ.

"ತೆಗೆಯೋರು ಸಿಗ್ಲಿಲ್ಲ ನೋಡಿ," ಎಂದು ನಕ್ಕ ಮೇಷ್ಟ್ರು ಅವರ ಕೊಡೆಯನ್ನು ಇಸಿದುಕೊಂಡರು. "ಕಣ್ಣು ಮುಚ್ಚಿ." ಕೊಡೆ ಪಟಪಟನೆ ಅರ್ಧ ಬಿಚ್ಚಿ ಅರ್ಧ ಮಡಚಿತು. ಕೋಣೆಯ ತುಂಬ ಪಾರಿವಾಳಗಳು ಹಾರಿದವು.

"ಅಯ್ಯೋ ಶಿವನೇ! ಇದು ಮೋಸ ಅಲ್ವೇನ್ರೀ?"

"ಅಪ್ಪಟ ಮೋಸ. ಆದ್ರೆ ಮೋಸ ಹೋದೋರು ಸುಖವಾಗಿ ಮನೆಗೆ ಹೋಗ್ತಾರೆ."

"ಹಾಗಾದ್ರೆ ಪಾಪ ಬರಲ್ಲ ಬಿಡಿ," ಎಂದ ತಾಯಿ ಆ ಮಾತಿಗೆ ಮೀರಿದಷ್ಟು ಹೊತ್ತು ನಕ್ಕರು. ನಗುತ್ತಲೇ ಎದ್ದು ಹೊರಟರು. ಕೊಡೆ ಮೇಷ್ಟ್ರ ಮೇಜಿನ ಮೇಲೆ, ಹಳೆಯ ಬೂಟು, ಒಡಕು ತಟ್ಟೆಗಳ ನಡುವೆ ಉಳಿಯಿತು.

ಒಂದು ಗಂಟೆಗೆ, ಬಾಗಿಲ ಕೆಲಸವನ್ನು ನಾಳೆಗೆಂದು ಬಿಟ್ಟು, ಎಲ್ಲರೂ ಊಟಕ್ಕೆ ಎದ್ದರು. ಎದ್ದು ಹೋಗುವಾಗ ಯಂತ್ರ ಚಾಲೂ ಇಟ್ಟು, ಹೊರಗಿನ ಕೆಂಪು ದೀಪ ಹಾಕಿ, ಖಾಲಿ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳುವುದು ಮೇಷ್ಟ್ರು ಹಾಕಿಕೊಟ್ಟ ಪದ್ಧತಿ. ಮಾತಿಗೂ ಮಾತಿಗೂ ನಡುವೆ ಆ ಮೌನವನ್ನು ಹಾಸದಿದ್ದರೆ ಚಿತ್ರ ಕಿವಿಗೆ ಹಳ್ಳ ಬಿದ್ದ ರಸ್ತೆಯಂತೆ ಕೇಳುತ್ತದೆ. ಕೆಂಪು ದೀಪ ಕಂಡರೆ ಸ್ಟುಡಿಯೋದ ಮಾಲೀಕರೂ ಹೊರಗೆ ನಿಲ್ಲುತ್ತಿದ್ದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಇನ್ನೂ ಶರ್ಟಿನ ತೋಳು ಮಡಚುತ್ತಿದ್ದಾಗಲೇ ಧ್ವನಿ ಮುದ್ರಿಸುವವನು ಯಂತ್ರದ ಮುಂದಿನಿಂದ ಕೂಗಿದ. ಸದಾ ಹೆಡ್‌ಫೋನು ಏರಿಸಿಕೊಂಡು ಯಾರ ಮಾತಿಗೂ ಓಗೊಡದ ಅವನಿಗೆ ಕಿವುಡ ಎಂದೇ ಹೆಸರು.

"ಮೇಷ್ಟ್ರೇ, ನಿಮ್ಮ ಮೌನಕ್ಕೆ ಯಾರೋ ಕನ್ನ ಹಾಕಿದ್ದಾರೆ!"

ಅವನು ಗುಂಡಿ ಒತ್ತಿದ. ಒಂಬತ್ತು ನಿಮಿಷದ ಮೌನ. ಬಳಿಕ ಟಕ್, ಟಕ್. ತುಸು ತಡೆದು, ಟಕ್.

ಆಗಷ್ಟೇ ಕಾಲಿಟ್ಟಿದ್ದ ನಿರ್ದೇಶಕಿ ಬಾಗಿಲಲ್ಲೇ ನಿಂತಳು. ರಾತ್ರಿ ಚೆನ್ನಾಗಿ ಮಲಗಿ, ಸ್ನಾನ ಮುಗಿಸಿ, ಎರಡು ಲೋಟ ಕಾಫಿ ಕುಡಿದು ಬಂದಿದ್ದ ಅವಳ ಬಾಯಿ ತಾನಾಗಿ ತೆರೆದುಕೊಂಡಿತು. ದವಡೆ ನೋಯುವಷ್ಟು ದೊಡ್ಡ ಆಕಳಿಕೆ.

"ಇದೇ!" ಆಕಳಿಕೆ ಮುಗಿಯುವ ಮೊದಲೇ ಅವಳು ಕೂಗಿದಳು. "ಇದೇ ಮೇಷ್ಟ್ರೇ! ಯಾವಾಗ ಬಡಿದ್ರಿ?"

"ನಾನು ಬಡಿದಿದ್ದಲ್ಲ."

ನಲವತ್ತು ವರ್ಷದಲ್ಲಿ ಹಾಗೆ ಹೇಳಬೇಕಾಗಿ ಬಂದದ್ದು ಅದೇ ಮೊದಲು. ಮೇಷ್ಟ್ರು ಉದ್ದನೆಯ ದಾಖಲೆ ಪುಸ್ತಕವನ್ನು ಎದೆಗೆ ಅವಚಿಕೊಂಡರು. ಪ್ರತಿ ಸದ್ದಿಗೂ ಅದರಲ್ಲಿ ಒಂದು ಸಾಲು: ಯಾವ ಸದ್ದು, ಯಾವ ವಸ್ತು, ಮಾಡಿದವರು ಯಾರು. "ಹೆಸರಿಲ್ಲದ ಸದ್ದು ಈ ಕೋಣೆಯಿಂದ ಆಚೆ ಹೋಗಿಲ್ಲ, ಹೋಗೋದೂ ಇಲ್ಲ. ಬಡಿದೋರು ಸಿಗ್ಲಿ, ಆಮೇಲೆ ಚಿತ್ರಕ್ಕೆ."

"ಸಂಜೆ ಐದಕ್ಕೆ ಕೊಡ್ಬೇಕು ಮೇಷ್ಟ್ರೇ!"

"ಹಾಗಾದ್ರೆ ಬೇಗ ಹುಡುಕೋಣ. ಏಯ್ ಕಿವುಡ, ನೀನೇನಾದ್ರೂ?"

"ನಾನು ಊಟ ಬಿಟ್ಟು ಬಾಗಿಲು ಬಡಿಯೋ ಪೈಕಿನಾ?" ಎಂದ ಕಿವುಡ. ಅದು ಒಪ್ಪತಕ್ಕ ಮಾತಾಗಿತ್ತು.

ಮೇಷ್ಟ್ರು ಕಣ್ಣು ಮುಚ್ಚಿ ಆ ಮೂರು ಬಡಿತಗಳನ್ನು ಏಳು ಸಲ ಕೇಳಿದರು. ಎಂಟನೆಯ ಸಲ ಎದ್ದು ಬಾಗಿಲಿನ ಬಳಿಗೆ ಹೋದರು. ನಿನ್ನೆ ಅಷ್ಟೂ ಸಲ ಅವರು ನಿಂತದ್ದು ಬಾಗಿಲಿನ ಆ ಬದಿಗೆ. ಮೈಕು ಇದ್ದದ್ದು ಈ ಬದಿಗೆ. ಹೊರಗಿನವರು ಬಡಿಯಬೇಕು, ಒಳಗಿನವರು ಕೇಳಬೇಕು. ಅವರು ಮೈಕಿನ ಬದಿಗೇ ಬಂದು ನಿಂತು, ಬೆರಳ ಗಿಣ್ಣಿನಿಂದ ಮೆಲ್ಲಗೆ ಬಡಿದರು.

ನಿರ್ದೇಶಕಿಗೆ ಇನ್ನೊಂದು ಆಕಳಿಕೆ ಬಂತು.

"ಇದು ಹೊರಗಿಂದ ಬಡಿದದ್ದಲ್ಲಮ್ಮಾ. ಒಳಗಿಂದ," ಎಂದರು ಮೇಷ್ಟ್ರು. "ಬಡಿದ ಮೇಲೆ ಎರಡು ಬರಿಗಾಲ ಹೆಜ್ಜೆ ಕೇಳುತ್ತೆ. ತುದಿಗಾಲಲ್ಲಿ. ಬಾಗಿಲಿಂದ ಈ ಕಡೆಗೆ, ಯಾರೋ ಮಲಗಿದ್ದಾರಾ ಅಂತ ನೋಡೋಕೆ ಬಂದ ಹಾಗೆ."

"ಒಳಗಿಂದ ಯಾಕೆ ಬಡೀತಾರೆ? ಅಪ್ಪ ಬರ್ತಿದ್ದದ್ದು ಹೊರಗಿಂದ ತಾನೆ?"

"ಎಷ್ಟು ಹೊತ್ತಿಗೆ ಬರೋರು?"

"ಕೊನೇ ಆಟ ಬಿಟ್ಟ ಮೇಲೆ. ಹನ್ನೆರಡೂವರೆ, ಒಂದು."

"ನೀನು ನಿದ್ದೆ ಹೋಗ್ತಿದ್ದದ್ದು?"

"ಒಂಬತ್ತಕ್ಕೆ. ಒಂಬತ್ತು ದಾಟೋಕೆ ಬಿಡ್ತಾನೇ ಇರ್ಲಿಲ್ಲ ನಮ್ಮ..."

ಅವಳು ಮರದ ಬಾಗಿಲಿನತ್ತ ತಿರುಗಿದಳು. ಯಂತ್ರದ ಮೇಲಿನ ಹಸಿರು ದೀಪ ಮಿನುಗುತ್ತಿತ್ತು. ಮೇಷ್ಟ್ರು ತಮ್ಮ ಮೇಜಿನತ್ತ ನೋಡಿದರು: ಬೂಟು ಇತ್ತು, ಒಡಕು ತಟ್ಟೆ ಇತ್ತು, ಕೊಡೆ ಇರಲಿಲ್ಲ. ಕೆಂಪು ದೀಪದ ಅರ್ಥ ತಿಳಿಯದವರೊಬ್ಬರು ಅದನ್ನು ಒಯ್ಯಲು ಮರಳಿ ಬಂದಿದ್ದರು.

"ಹಾಗಾದ್ರೆ ಅಪ್ಪ?" ಅವಳು ಕೇಳಿದಳು. "ಅಪ್ಪ ಬಡೀತಾನೇ ಇರ್ಲಿಲ್ವಾ?"

"ಒಂದು ಗಂಟೆ ರಾತ್ರೀಲಿ ನಿನಗೆ ಎಚ್ಚರ ಆಗದ ಹಾಗೆ ಬೀಗ ತೆಗೆದು ಬರ್ತಿದ್ರಲ್ಲ, ಅದೇನು ಸುಲಭದ ಕೆಲಸ ಅಂದ್ಕೊಂಡ್ಯಾ? ನನ್ನ ಕೈಲೇ ಆಗಲ್ಲ."

ಅವಳು ನಗಲೂ ಅಳಲೂ ತೋಚದೆ ಮೂಗು ಒರೆಸಿಕೊಂಡು, ಫೋನು ಹಿಡಿದು ಹೊರಗೆ ಹೋದಳು. ದಪ್ಪ ಗಾಜಿನಾಚೆಯಿಂದ ಮಾತು ಕೇಳುವಂತಿರಲಿಲ್ಲ. ಏನೋ ಒಂದು ಸಣ್ಣ ಪ್ರಶ್ನೆ ಕೇಳಿದಳು, ಉತ್ತರಕ್ಕೆ ಕಾದಳು, ಆಮೇಲೆ ಗೋಡೆಗೆ ಒರಗಿ ಬಾಗಿ ಬಾಗಿ ನಕ್ಕಳು. ಪಾಪ ಬರುವುದಿಲ್ಲವೆಂದು ನಿನ್ನೆ ಕುರ್ಚಿಯಲ್ಲಿ ಕುಳಿತವರು ನಕ್ಕ ಹಾಗೆಯೇ.

ಒಳಗೆ ಬಂದಾಗ ಮೇಷ್ಟ್ರು ಪುಸ್ತಕವನ್ನು ಬಿಡಿಸಿಟ್ಟಿದ್ದರು. ಬಾಗಿಲ ಬಡಿತ, ಎಂದು ಬರೆದಿತ್ತು; ಮರದ ಬಾಗಿಲು, ಒಳಗಿನಿಂದ, ಎಂದು ಬರೆದಿತ್ತು. ಮೂರನೆಯ ಅಂಕಣ ಖಾಲಿಯಿತ್ತು. ಅವರು ಪೆನ್ನನ್ನು ಅವಳ ಕೈಗೆ ಕೊಟ್ಟರು. ಅವಳು ಕನ್ನಡಕ ಸರಿಪಡಿಸಿಕೊಂಡು, ಶಾಲೆಯ ಕಾಪಿಪುಸ್ತಕದಲ್ಲಿ ಬರೆಯುವಂತೆ ನಿಧಾನವಾಗಿ, ದುಂಡಗೆ ಬರೆದಳು:

ಅಮ್ಮ.