ಸುಮ್ಮನೆ ಕೇಳಿದ್ದು

ಶನಿವಾರ ಬೆಳಿಗ್ಗೆ ಬಂದ ಪಾರ್ಸಲ್ಲನ್ನು ಅಂಬಾ ಬಿಚ್ಚಲಿಲ್ಲ. ಅವಳ ಅಪ್ಪ ಮಿಥುನ ಅದನ್ನು ಎರಡೂ ಕೈಯಲ್ಲಿ ಹಿಡಿದು, ಆರತಿ ತಟ್ಟೆ ತರುವವನ ಹಾಗೆ ಒಳಗೆ ತಂದು ಮಗಳ ಮುಂದಿಟ್ಟ.

“ಓಪನ್ ಮಾಡು ಪುಟ್ಟಾ. ಗೆಸ್ ಮಾಡು, ಏನಿರಬಹುದು?”

ಅಂಬಾ ಅವಲಕ್ಕಿಯಲ್ಲಿ ಶೇಂಗಾಕಾಳು ಆರಿಸುತ್ತಿದ್ದಳು. ತಲೆ ಎತ್ತದೆ, “ಇರುವೆ ಸಾಕೋ ಡಬ್ಬಿ,” ಎಂದಳು.

“ಅರೆ! ಹೇಗೆ ಗೊತ್ತಾಯ್ತು?”

“ಮೊನ್ನೆ ನಾನು ಇರುವೆ ನೋಡ್ತಾ ಕೂತಿದ್ನಲ್ಲ. ನೀನು ನೋಡಿಬಿಟ್ಟೆ.”

ಮಿಥುನ ನಕ್ಕ. ಆ ‘ನೋಡಿಬಿಟ್ಟೆ’ಯಲ್ಲಿ ಏನಿತ್ತು ಎಂದು ಅವನು ಯೋಚಿಸಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸುಲಭಾಳಿಗೆ ಮಾತ್ರ ಅದು ಎಲ್ಲೋ ಚುಚ್ಚಿತು. ಮಗಳು ಅಪ್ಪನ ಮನಸ್ಸಿಗೆ ನೋವಾಗಬಾರದೆಂದು ಡಬ್ಬಿಯ ಮೇಲೆ ಒಮ್ಮೆ ಕೈಯಾಡಿಸಿ, “ಆಮೇಲೆ ಬಿಚ್ತೀನಪ್ಪ” ಎಂದು ಎದ್ದು ಹೋದಳು. ಪಾರ್ಸಲ್ ಕಪಾಟು ಸೇರಿತು. ಅಲ್ಲಿ ದುರ್ಬೀನು, ಸೂಕ್ಷ್ಮದರ್ಶಕ, ಗಡಿಗೆ ಮಾಡುವ ಪುಟ್ಟ ತಿಗರಿ, ನಕ್ಷತ್ರದ ನಕಾಶೆ ಎಲ್ಲ ಒಂದರ ಮೇಲೊಂದು ಕೂತಿದ್ದವು.

ಪುಣೆಯ ಖರಾಡಿಯ ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಒಂಬತ್ತು ವರ್ಷದ ಅಂಬಾ ಶಾಲೆಗೆ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಲಿಫ್ಟಿನಲ್ಲಿ ಯಾರಾದರೂ ಹೊಸಬರು ಮರಾಠಿಯಲ್ಲಿ ‘ಎಷ್ಟನೇ ಇಯತ್ತೆ ಬಾಳಾ?’ ಎಂದು ತರಗತಿ ಕೇಳಿದರೆ ಅವಳು ಮೇಲೆ ಬದಲಾಗುವ ಅಂಕಿಗಳನ್ನೇ ನೋಡುತ್ತ ನಿಲ್ಲುತ್ತಿದ್ದಳು. ಉತ್ತರ ಕೊಡುವ ಕೆಲಸ ಸುಲಭಾಳದು. ಎರಡು ವರ್ಷದಿಂದ ಕೊಡುತ್ತಲೇ ಇದ್ದಳು. ಒಂದು ಸಲ ಕೊಟ್ಟ ಉತ್ತರ ಇನ್ನೊಂದು ಸಲ ಕೊಡಲು ಅವಳಿಗೇ ಧೈರ್ಯವಾಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಮಾತು ಬೇರೆ ಇತ್ತು. ಶಾಲೆಯ ಬಸ್ಸು ಬರುವ ಹೊತ್ತಿಗೆ ಅಂಬಾಳಿಗೆ ದಿನಾ ಹೊಟ್ಟೆನೋವು. ‘ನಿಮ್ಮ ಹುಡುಗಿ ಬಹಳ ಪ್ರಶ್ನೆ ಕೇಳ್ತಾಳೆ, ಪಾಠ ಮುಂದೆ ಹೋಗೋದಿಲ್ಲ’ ಎಂದು ಅಲ್ಲಿನ ಟೀಚರು ದೂರು ಹೇಳಿದ ದಿನವೇ ಮಿಥುನ ಅವಳನ್ನು ಬಿಡಿಸಿಕೊಂಡು ಬಂದ. ಅನ್‌ಸ್ಕೂಲಿಂಗ್ ಅಂದರೆ ಪಾಠವಿಲ್ಲ, ಪರೀಕ್ಷೆಯಿಲ್ಲ, ಮಗು ತಾನು ಕೇಳಿದ್ದನ್ನು ತಾನೇ ಕಲಿಯುತ್ತದೆ ಎಂದು ಅವನು ಓದಿಕೊಂಡಿದ್ದ. ಅದು ಸುಳ್ಳೂ ಆಗಿರಲಿಲ್ಲ. ಖರಾಡಿಯ ಅಂಗಡಿ ಬೋರ್ಡುಗಳನ್ನು ನೋಡುತ್ತ ನೋಡುತ್ತ ಅಂಬಾ ಮರಾಠಿ ಓದಲು ಕಲಿತಳು, ಬಿಸ್ಕತ್ತಿನ ಪೊಟ್ಟಣದಿಂದ ಇಂಗ್ಲಿಷು. ಹೊಟ್ಟೆನೋವು ಹೇಳದೆ ಕೇಳದೆ ಹೋಯಿತು.

ಮನೆಗೆ ಒಂದೇ ಕಟ್ಟಳೆ: ಮಗು ಏನು ಕೇಳಿದರೂ ಕೈಬಿಡಬಾರದು. ‘ಪ್ಯಾಕೆಟ್ಟಿನ ಹಾಲು ಒಂದೇ ಎಮ್ಮೆಯದೋ ಎಲ್ಲಾ ಎಮ್ಮೆಯದೋ?’ ಎಂದು ಅಂಬಾ ಒಂದು ದಿನ ಕೇಳಿದಳು. ಬಂದ ಭಾನುವಾರವೇ ಮಿಥುನ ಕಾರು ತೆಗೆದು ಬಾರಾಮತಿ ಕಡೆಯ ಒಂದು ಡೈರಿಗೆ ಕರೆದುಕೊಂಡು ಹೋದ. ಪಾರಿವಾಳ ದಿನಾ ಅದೇ ಕಿಟಕಿಗೆ ಯಾಕೆ ಬರುತ್ತದೆ ಎಂದಳು. ದುರ್ಬೀನು ಬಂತು, ಬೆಳಗಿನ ಜಾವ ಎಬ್ಬಿಸಿ ಕೆರೆಗೆ ಕರೆದುಕೊಂಡು ಹೋಗುವುದು ಶುರುವಾಯಿತು. ಇಡ್ಲಿ ಹಿಟ್ಟು ರಾತ್ರಿ ಯಾಕೆ ಉಬ್ಬುತ್ತದೆ ಎಂದಳು, ಸೂಕ್ಷ್ಮದರ್ಶಕ ಬಂತು.

ಮೊದಲ ವರ್ಷ ಹೀಗೆ ಸಂಭ್ರಮದಲ್ಲೇ ಹೋಯಿತು. ಎರಡನೇ ವರ್ಷ ಅಂಬಾ ಸುಮ್ಮನಾಗುತ್ತ ಬಂದಳು. ಏನು ನೋಡ್ತಿದೀಯ ಎಂದರೆ ಏನಿಲ್ಲ. ಏನು ಯೋಚನೆ ಎಂದರೆ ಏನಿಲ್ಲ. ಕಿಟಕಿಯಲ್ಲಿ ನಿಂತಿದ್ದವಳು ಅಪ್ಪನ ಹೆಜ್ಜೆ ಸದ್ದಿಗೆ ಸರಿದು ಬಂದು ಸೋಫಾದ ಮೇಲೆ ಕೂರುತ್ತಿದ್ದಳು.

ಮಗಳ ತಲೆ ಮಂಕಾಯಿತೇ ಎಂಬ ಭಯ ಸುಲಭಾಳಿಗೆ ಹತ್ತಿಕೊಂಡಿತು. ಬಿಡಿಸಿದ್ದು ತಪ್ಪೋ, ಬಿಡಿಸದಿದ್ದರೆ ಇನ್ನೂ ದೊಡ್ಡ ತಪ್ಪಾಗುತ್ತಿತ್ತೋ, ಯಾರನ್ನು ಕೇಳಬೇಕೋ ತಿಳಿಯಲಿಲ್ಲ. ಗಂಡನಿಗೆ ಹೇಳಿಯೇ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ವಿಚಾರಿಸಿದ್ದಳು. ಸೋಮವಾರದಿಂದ ಒಂದು ವಾರ ಬಂದು ಕೂತು ನೋಡಲಿ, ಸೋಮವಾರ ಬರದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಅವರು ಹೇಳಿದ್ದರು. ಮಿಥುನ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಶನಿವಾರ ಬಂದೇಬಿಟ್ಟಿತ್ತು.

ಆ ದಿನಗಳಲ್ಲಿ ಸುಲಭಾಳ ತಾಯಿ ಶಿವಬಸವ್ವ ಮನೆಯಲ್ಲಿದ್ದರು. ಬೈಲಹೊಂಗಲ ಕಡೆಯಿಂದ ಗಂಡನ ನೌಕರಿಯ ಬೆನ್ನಿಗೆ ಪುಣೆಗೆ ಬಂದು, ಹಡಪಸರದಲ್ಲಿ ಮಗನ ಜೊತೆ ಇದ್ದವರು. ಕಣ್ಣಿನ ಪೊರೆ ತೆಗೆಸಿಕೊಂಡು ನಾಲ್ಕು ದಿನ ಮಗಳ ಮನೆಗೆ ಬಂದಿದ್ದರು. ಕಣ್ಣಿಗೆ ಹನಿ ಹಾಕುವ ಕೆಲಸ ಅಂಬಾಳದು.

ಊಟವಾದ ಮೇಲೆ ಸುಲಭಾ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಬಾಲ್ಕನಿಯಲ್ಲಿ ಅಜ್ಜಿ ಕರಿ ಕನ್ನಡಕ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಮೊಮ್ಮಗಳ ದನಿ ಕೇಳಿಸಿತು.

“ಅಜ್ಜಿ, ಹಲ್ಲೀದು ಬಾಲ ಹರದು ಬಿದ್ದ ಮ್ಯಾಲೂ ಯಾಕ ಅಳ್ಳಾಡ್ತದ?”

“ತಾ ಹರದೀನಿ ಅಂತ ಅದಕ್ಕಿನ್ನಾ ಸುದ್ದಿ ಮುಟ್ಟಿಲ್ಲ.”

“ಸುದ್ದಿ ಯಾರು ಹೇಳಬೇಕು?”

“ನೀನೇ ಹೇಳಿ ಬಾ ಹೋಗು.”

ಅಂಬಾ ಕಿಸಕ್ಕನೆ ನಕ್ಕಳು. ಸುಲಭಾ ಕೀಲಿಮಣೆಯಿಂದ ಕೈ ತೆಗೆದಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ.

“ಅಜ್ಜಿ, ನಿನ್ನ ಕಣ್ಣಾಗ ಹೊಸಾದು ಹಾಕ್ಯಾರಲ್ಲ, ಕನಸು ಅದರಲೆ ಕಾಣ್ತಿಯೋ ಹಳೇ ಕಣ್ಣಿಲೇನೋ?”

“ಕನಸು ಕಾಣಾಕ ನೀ ಎಲ್ಲಿ ಮಲಗಾಕ ಬಿಡ್ತಿ? ತಲಿ ತಿನ್ನಬ್ಯಾಡ. ಆ ದಂಟು ತಗದು ಈ ಕಡೆ ಒಗಿ.”

“ಹೇಳು ಅಜ್ಜಿ.”

“ನನಗೇನು ಗೊತ್ತವಾ? ಡಾಕ್ಟರ ನನ್ನ ಕನಸಿನ್ಯಾಗ ಬಂದು ನೋಡ್ಯಾನೇನು?”

ಸುಲಭಾಳಿಗೆ ತಡೆಯಲಾಗಲಿಲ್ಲ. ಎದ್ದು ಬಾಲ್ಕನಿಗೆ ಬಂದಳು. ಖುಷಿಯಲ್ಲಿ ದನಿ ಏರಿತ್ತು. “ಎಷ್ಟು ಛಲೋ ಪ್ರಶ್ನೆ ಕೇಳಿದಿ ಅಂಬಾ! ಬಾ, ನೋಡೋಣು. ಕಣ್ಣಿಂದು ಬಿಚ್ಚಿ ಜೋಡಿಸೋ ಮಾಡೆಲ್ ಸಿಗ್ತದ, ನಾಳೆನೇ…”

ಅಂಬಾಳ ಮುಖ ನೋಡನೋಡುತ್ತಲೇ ಆರಿತು. ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟಳು.

“ಏನಿಲ್ಲಮ್ಮಾ. ಸುಮ್ನ ಕೇಳಿದೆ.”

ಸುಲಭಾ ಕೆಳಗೆ ಕೂತು, ತಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡಳು. “ಅಜ್ಜಿಗೆ ಇಷ್ಟೆಲ್ಲಾ ಕೇಳ್ತಿ. ನನಗ, ಅಪ್ಪಗ ಯಾಕ ಕೇಳೂದಿಲ್ಲ?”

ಅಂಬಾ ಅಜ್ಜಿಯ ಕಡೆ ನೋಡಿದಳು. ಅಜ್ಜಿಯ ಕರಿ ಕನ್ನಡಕದಲ್ಲಿ ಏನೂ ಕಾಣಲಿಲ್ಲ. “ಅಜ್ಜಿಗೆ ಕೇಳಿದ್ರ ಪಾರ್ಸಲ್ ಬರೂದಿಲ್ಲ,” ಎಂದಳು ಮೆಲ್ಲಗೆ. “ನಿಮಗ ಕೇಳಿದ್ರ ಬರ್ತದ. ಆಮ್ಯಾಲ ಅದನ್ನ ಮಾಡಬೇಕು. ಮಾಡ್ಲಿಲ್ಲಂದ್ರ ಅಪ್ಪ ಬೈಯೂದಿಲ್ಲ… ಸುಮ್ನ ಕೂಡ್ತಾನ.”

ಅವಳು ಒಳಗೆ ಹೋದಳು. ಶಿವಬಸವ್ವ ಸೊಪ್ಪಿನ ಬುಟ್ಟಿ ಸರಿಸಿದರು.

“ಅದಕ್ಕ ಹೇಳ್ತೀನಿ, ಸಾಲಿಗೆ ಹಚ್ಚು. ಸಾಲ್ಯಾಗ ಅಷ್ಟು ಮಂದಿ ಹುಡುಗೂರು, ಇಕಿ ಒಬ್ಬಾಕೀನ ಹಿಡಕೊಂಡು ಕೂಡಾಕ ಮಾಸ್ತರಗ ಪುರಸತ್ತು ಎಲ್ಲೀದು? ಅಷ್ಟರೆ ಆರಾಮ ಆಗ್ತದ ಕೂಸಿಗೆ.”

“ಅಲ್ಲೇ ಹೊಟ್ಟೆನೋವು ಬರ್ತಿತ್ತಲ್ಲವಾ.”

“ಅದೂ ಖರೆ,” ಎಂದರು ಶಿವಬಸವ್ವ. “ನನ್ನಂತೂ ಎರಡನೇ ಇಯತ್ತೆಗೆ ಬಿಡಿಸಿದ್ರು. ಇನ್ನಷ್ಟು ದಿನ ಹೋಗಿದ್ರ ಏನಾಗ್ತಿತ್ತು ಅಂತ ಈಗೂ ಅನಸ್ತದ. ನನಗ ಸಾಲಿ ಅಂದ್ರ ಅಷ್ಟೇ ಗೊತ್ತು ನೋಡು.”

ಮಿಥುನ ಕೆಳಗೆ ಕಾರು ತೊಳೆಸಿಕೊಂಡು ಬಂದಾಗ ಚಹಾದ ಹೊತ್ತಾಗಿತ್ತು. ಸುಲಭಾ ನಡೆದದ್ದನ್ನು ಹೇಳಿದಳು. ಪಾರ್ಸಲ್ ಮಾತಿಗೆ ಬಂದಾಗ ಅವನ ಮುಖ ಕೆಂಪೇರಿತು.

“ಅಂದ್ರೆ ತಪ್ಪು ನಂದು ಅಂತೀಯ?”

“ನಂದೂ ಅದ. ಇವತ್ತು ನಾನೂ ಅದನ್ನೇ ಮಾಡಿದೆ.”

“ಹಾಗಾದ್ರೆ ಏನು ಮಾಡ್ಬೇಕು? ಮತ್ತೆ ಅದೇ ಯೂನಿಫಾರ್ಮ್ ಹಾಕಿ, ಬಾಯಿ ಮೇಲೆ ಬೆರಳಿಟ್ಟು ಕೂರಿಸ್ಬೇಕಾ?”

“ಅಳಿಯಂದ್ರ, ಸಿಟ್ಟಾಗಬ್ಯಾಡ್ರಿ,” ಎಂದರು ಶಿವಬಸವ್ವ. “ಸಾಲಿಗೆ ಹೋದವ್ರೆಲ್ಲಾ ಕೆಟ್ಟು ಹೋಗ್ಯಾರೇನ್ರಿ? ನೀವೂ ಸಾಲಿ ಕಲ್ತು ಮಗರಪಟ್ಟಾದ ಕಂಪನ್ಯಾಗ ಸಾಹೇಬರಾಗೀರಿ.”

“ಸಾಹೇಬ!” ಮಿಥುನ ಚಹಾದ ಲೋಟ ಕೆಳಗಿಟ್ಟ. “ಅತ್ತೆ, ನಮ್ಮ ತಿಪಟೂರು ಸ್ಕೂಲಲ್ಲಿ ಒಂದು ಸಲ ಕೇಳಿದ್ದೆ, ನೆರಳಿಗೆ ಯಾಕೆ ತೂಕ ಇಲ್ಲ ಅಂತ. ಮೇಷ್ಟ್ರು ನಕ್ಕು, ‘ಬಂದ ನೋಡ್ರೋ ಪಂಡಿತ’ ಅಂದ್ರು. ಆ ಸ್ಕೂಲು ಬಿಡೋ ತನಕ ಎಲ್ರೂ ನನ್ನ ಪಂಡಿತ ಅಂತಾನೇ ಕರೆದಿದ್ದು. ಇವತ್ತಿಗೂ ಮೀಟಿಂಗಲ್ಲಿ ಡೌಟ್ ಬಂದ್ರೆ ಕೈ ಎತ್ತಲ್ಲ ನಾನು. ಇವಳು ಕೇಳಿದ್ದು ಒಂದೂ ನೆಲಕ್ಕೆ ಬೀಳಬಾರ್ದು ಅಂತ ಅಷ್ಟೇ ಅಂದ್ಕೊಂಡಿದ್ದು.”

ಸುಲಭಾ ಈ ಕಥೆ ಮೊದಲ ಸಲ ಕೇಳುತ್ತಿದ್ದಳು. ಗಂಡನ ಮೇಲೆ ಸಿಟ್ಟು ಮಾಡಲು ಎತ್ತಿಟ್ಟುಕೊಂಡಿದ್ದ ಮಾತುಗಳೆಲ್ಲ ಅವಳಿಗೆ ಬೇಡವಾದವು. ಶಾಲೆಯಲ್ಲಿ ನಕ್ಕು ಬಾಯಿ ಮುಚ್ಚಿಸಿದರು, ಮನೆಯಲ್ಲಿ ಮೆಚ್ಚಿ ಮುಚ್ಚಿಸಿದಂತಾಯಿತು. ಹಾಗಾದರೆ ಮಗುವನ್ನು ಎಲ್ಲಿಡಬೇಕು?

ಕೋಣೆಯ ಬಾಗಿಲಲ್ಲಿ ಅಂಬಾ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ. ಅಪ್ಪನ ಹತ್ತಿರ ಅಪ್ಪನ ಕನ್ನಡ, ಅಮ್ಮನ ಹತ್ತಿರ ಅಮ್ಮನ ಕನ್ನಡ ಆಡುವ ಹುಡುಗಿ ಅವಳು.

“ಅಪ್ಪ, ನಾನು ಸ್ಕೂಲಿಗೆ ಹೋದ್ರೆ ನೀನು ಸೋತ ಹಾಗಾ?”

ಮಿಥುನ ಚಹಾದ ಲೋಟ ದೂರ ಸರಿಸಿದ.

ಅಂಬಾ ಅಮ್ಮನ ಕಡೆ ತಿರುಗಿದಳು. “ಅಮ್ಮಾ, ಹೋಗ್ಲಿಲ್ಲಂದ್ರ ನೀ ಸೋತಂಗೇನು?”

ಎರಡು ವರ್ಷದಲ್ಲಿ ಮಗಳು ಕೇಳಿದ ಪ್ರಶ್ನೆಗಳಲ್ಲಿ ಅಂಗಡಿಯಿಂದ ಏನೂ ತರಿಸಲಾಗದಂಥವು ಇವೆರಡೇ. ಉತ್ತರ ಕೊಡಬೇಕೆಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಮಿಥುನ, “ಇಲ್ಲ ಪುಟ್ಟಾ,” ಎಂದ. “ನಮ್ಗೆ ಯಾವುದು ಸರಿ ಅಂತ ಗೊತ್ತಿಲ್ಲ, ಅಷ್ಟೇ.”

“ನಿಜವಾಗ್ಲೂ ಗೊತ್ತಿಲ್ವಾ?”

“ನಿಜವಾಗ್ಲೂ ಗೊತ್ತಿಲ್ಲ.”

ಅಂಬಾಳಿಗೆ ಈ ಉತ್ತರ ಹೊಸದು. ಅವಳು ಅಪ್ಪನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ, “ಹಾಗಾದ್ರೆ ಸೋಮವಾರ ಹೋಗಿ ನೋಡ್ತೀನಿ,” ಎಂದಳು. “ಸೇರ್ಕೊಳ್ತೀನಿ ಅಂತಲ್ಲ. ನೋಡ್ತೀನಿ.”

ಸೋಮವಾರ ಇಬ್ಬರೂ ರಜೆ ಹಾಕಿದರು. ಬೆಳಿಗ್ಗೆ ಅವಳನ್ನು ಒಳಗೆ ಬಿಟ್ಟು ಬಂದಾಗಿನಿಂದ ಇಬ್ಬರಿಗೂ ಅನ್ನ ಸೇರಲಿಲ್ಲ. ಶಾಲೆ ಬಿಡುವ ಹೊತ್ತಿಗಿಂತ ಎಷ್ಟೋ ಮೊದಲೇ ಹೋಗಿ ಗೇಟಿನೆದುರು ನಿಂತರು.

“ಅತ್ತಿದ್ರೆ?” ಎಂದ ಮಿಥುನ.

“ಅತ್ತಿದ್ರ ಫೋನ್ ಮಾಡ್ತಿದ್ರು.”

“ಚೆನ್ನಾಗಿತ್ತು ಅಂದ್ಬಿಟ್ರೆ?” ಎಂದವನು ತಾನೇ ನಾಚಿದ. ಸುಲಭಾ ಅವನ ತೋಳು ಹಿಡಿದುಕೊಂಡಳು.

ಮಕ್ಕಳು ಹೋ ಎಂದು ಹೊರಗೆ ನುಗ್ಗಿದರು. ಅಂಬಾ ಎಲ್ಲರಿಗಿಂತ ಹಿಂದೆ ಬಂದಳು. ಮುಖದಲ್ಲಿ ಅಳುವಿರಲಿಲ್ಲ, ನಗುವೂ ಇರಲಿಲ್ಲ. ಒಂದು ಜಡೆಯ ರಿಬ್ಬನ್ ಬಿಚ್ಚಿಹೋಗಿತ್ತು. ಸುತ್ತಲಿದ್ದ ಅಮ್ಮಂದಿರೆಲ್ಲ ಮರಾಠಿಯಲ್ಲಿ, ಹಿಂದಿಯಲ್ಲಿ ಇವತ್ತು ಏನು ಕಲಿಸಿದರು, ಡಬ್ಬಿ ಖಾಲಿ ಮಾಡಿದೆಯಾ ಎಂದು ವಿಚಾರಿಸುತ್ತಿದ್ದರು. ಸುಲಭಾಳ ನಾಲಿಗೆಯ ತುದಿಗೆ ಹತ್ತು ಪ್ರಶ್ನೆ ಬಂದು ನಿಂತವು. ಹೇಗಿತ್ತು, ಯಾರ ಪಕ್ಕ ಕೂತಿದ್ದಿ, ಟೀಚರು ಏನಂದರು. ಅವಳು ಬಗ್ಗಿ ಮಗಳ ರಿಬ್ಬನ್ ಕಟ್ಟಿದಳು. ಕಟ್ಟಿ, ಏನೂ ಕೇಳದೆ ಎದ್ದಳು. ಮಿಥುನ ಬೆನ್ನಿನ ಚೀಲ ಈಸಿಕೊಂಡ. ಅವನೂ ಕೇಳಲಿಲ್ಲ.

ಮೂವರೂ ಮನೆಯ ಕಡೆ ನಡೆದರು. ತಿರುವಿನಲ್ಲಿ ಕಬ್ಬಿನ ಹಾಲಿನವನ ಅಂಗಡಿ. ಅವನು ಕಬ್ಬಿನ ಜಲ್ಲೆ ಗಾಣಕ್ಕೆ ಕೊಟ್ಟರೆ ಚಕ್ರಕ್ಕೆ ಕಟ್ಟಿದ ಗೆಜ್ಜೆ ಝಲ್ ಝಲ್ ಅನ್ನುತ್ತಿತ್ತು. ಮೂರು ಲೋಟ ಹೇಳಿ ಬೆಂಚಿನ ಮೇಲೆ ಕೂತರು.

ಅಂಬಾ ಅರ್ಧ ಲೋಟ ಕುಡಿದಳು. ಆಮೇಲೆ ಲೋಟ ತೊಡೆಯ ಮೇಲಿಟ್ಟುಕೊಂಡು, “ಅಪ್ಪ, ಮಷೀನಿಗೆ ಗೆಜ್ಜೆ ಯಾಕೆ ಕಟ್ಟಿದಾರೆ?” ಎಂದಳು.

ಮಿಥುನನ ಕೈ ಜೇಬಿಗೆ ಹೋಯಿತು. ಫೋನು ಅರ್ಧ ಹೊರಗೆ ಬಂತು. ಸುಲಭಾ ನೋಡುತ್ತಿದ್ದಳು, ಅಂಬಾಳೂ ಕೈಯನ್ನೇ ನೋಡುತ್ತಿದ್ದಳು. ಅವನು ಫೋನನ್ನು ಮತ್ತೆ ಒಳಗೆ ತಳ್ಳಿದ.

“ಗೊತ್ತಿಲ್ಲ ಕಣೇ,” ಎಂದು ಲೋಟ ಬಾಯಿಗೆತ್ತಿಕೊಂಡ.

ಅಂಬಾ ಸ್ವಲ್ಪ ಕಾದಳು. ಮುಂದೆ ಏನೂ ಬರಲಿಲ್ಲ. ಅವಳು ಬೆಂಚಿನ ಮೇಲೆ ಅಮ್ಮನ ಕಡೆಗೆ ಜರುಗಿ ಕೂತಳು.

“ನನಗನಸ್ತದ, ಕಬ್ಬಿಗೆ ನೋವಾಗಿದ್ದು ಕೇಳಬಾರ್ದು ಅಂತ,” ಎಂದಳು. “ಅಮ್ಮಾ, ಅಲ್ಲಿ ಒಂದು ಹುಡುಗಿ ಅದಾಳ. ಎಡಗೈಲೆ ಬರೀತಾಳ. ಎಡಗೈಲೆ ಬರಿಯೋರಿಗೆ ಎಡಾ ಯಾವ್ದು ಬಲಾ ಯಾವ್ದು ಅಂತ ಹೆಂಗ ಗೊತ್ತಾಗ್ತದ? ನಾಳೆ ಅಕೀನ್ನ ಕೇಳಬೇಕು.”

‘ನಾಳೆ’ ಎಂಬ ಮಾತನ್ನು ಗಂಡ ಹೆಂಡತಿ ಇಬ್ಬರೂ ಗಮನಿಸಿದರು. ಸೇರುತ್ತಾಳೋ, ವಾರ ಕಳೆದು ಬೇಡ ಅನ್ನುತ್ತಾಳೋ, ಇದರಿಂದ ಏನೂ ತಿಳಿಯುವಂತಿರಲಿಲ್ಲ. ಇಬ್ಬರೂ ಮಗಳ ಮುಖಕ್ಕೆ ಮುಖ ಕೊಡದೆ ಗಾಣದ ಕಡೆ ನೋಡುತ್ತ ಕೂತರು. ಅಂಬಾ ಇನ್ನೊಂದು ಪ್ರಶ್ನೆ ಶುರುಮಾಡಿದಳು.